ವೇಗ ಬೇಕು ಸ್ವಾಮಿ, ಆದ್ರೆ ಬಾಗಿಲು ತೆರೆದಿಟ್ಟಲ್ಲ!

ಈ ಸಲ ಸ್ವಲ್ಪ ಒಣ ವಿಷಯ. ಮುಂಬಯಿ ಮಳೆ, ಲೋಕಲ್ ಟ್ರೇನು, ಊರಿನ ಜಾತ್ರೆ ಓದೋಣ ಅಂತ ಬಂದವರು ಬೇಸರ ಮಾಡ್ಕೋಬೇಡಿ. ಬ್ಯಾಂಕಿನವನು ಬಿಟ್ಟು ಬೈಟು ಅಂತ ಶುರು ಹಚ್ಚಿಕೊಂಡನಲ್ಲ ಅಂತ ಮೂಗು ಮುರಿಯೋದೂ ಬೇಡ. ಯಾಕಂದ್ರೆ ಕೊನೆಗೆ ಇದು ನಿಮ್ಮ ದುಡ್ಡಿನ ಮಾತೇ.

ನಾನು ಓದಿದ್ದು ಬಿಕಾಂ. ಕೋಡ್ ಬರೆದು ಹೊಟ್ಟೆ ಹೊರೆದವನಲ್ಲ. ಆದ್ರೆ ಕೋಡ್ ಬರೆಯುವ ಹುಡುಗರ ಪಕ್ಕದಲ್ಲಿ ಕೂತು, "ಇದು ಯಾಕೆ ತಾಳೆ ಆಗ್ತಿಲ್ಲ?" ಅಂತ ಕೇಳಿ ಕೇಳಿ ಅವರ ತಲೆ ತಿಂದವನು. ರಿಕನ್ಸಿಲಿಯೇಷನ್ ವಿಭಾಗದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಒಂದು ವಿಷಯ ರಕ್ತದಲ್ಲೇ ಇಳಿದಿರುತ್ತೆ. ದುಡ್ಡಿಗೆ ಹೆಸರಿಲ್ಲ, ವ್ಯವಹಾರಕ್ಕೆ ಹೆಸರಿದೆ. ಹತ್ತು ಸಾವಿರ ರೂಪಾಯಿ ಅನ್ನೋದು ಎಲ್ಲ ಕಡೆ ಹತ್ತು ಸಾವಿರವೇ. ಆದ್ರೆ "ಆ" ಹತ್ತು ಸಾವಿರ ಯಾವುದು ಅಂತ ಗುರುತಿಸೋದು ಅದರ ಗುರುತಿನ ಸಂಖ್ಯೆ. ಆ ಗುರುತು ತಪ್ಪಿದರೆ ದುಡ್ಡು ಇದ್ದೂ ಇಲ್ಲದ ಹಾಗೆ.

ಈಗಿನ ಕಂಪ್ಯೂಟರ್ ಪ್ರಪಂಚದಲ್ಲಿ ಇಂಥ ಗುರುತುಗಳಲ್ಲೆಲ್ಲ ಹೆಚ್ಚು ಚಾಲ್ತಿಯಲ್ಲಿರೋದು ಯುಯುಐಡಿ. ಮೈಕ್ರೋಸಾಫ್ಟ್ ಕಡೆಯವರು ಜಿಯುಐಡಿ ಅಂತಾರೆ. 128 ಬಿಟ್‌ಗಳ ಒಂದು ಗುರುತು, ಅಂದ್ರೆ 16 ಬೈಟು. ಯಾರನ್ನೂ ಕೇಳದೆ, ಯಾವ ಕೇಂದ್ರ ಕಚೇರಿಯಿಂದಲೂ ನಂಬರ್ ಬರೆಸಿಕೊಳ್ಳದೆ, ಯಾವ ಯಂತ್ರ ಬೇಕಾದ್ರೂ ಹುಟ್ಟಿಸಿಕೊಳ್ಳಬಹುದು. ಇದರ ನಾಲ್ಕನೇ ಬಗೆಯಲ್ಲಿ 122 ಬಿಟ್‌ಗಳು ಬರೀ ಲಾಟರಿ. ಒಟ್ಟು ಸಾಧ್ಯತೆಗಳು ಎಷ್ಟು ಅಂದ್ರೆ ಸುಮಾರು 5ರ ಮುಂದೆ 36 ಸೊನ್ನೆ! ಸರಿಯಾಗಿ ಹುಟ್ಟಿಸಿದರೆ ಎರಡು ಒಂದೇ ಆಗುವ ಭಯ ಇಲ್ಲ ಅಂತಲೇ ಇಟ್ಕೊಳ್ಳಿ. ಇದರ ನಿಯಮ 2005ರಲ್ಲಿ ಆರ್‌ಎಫ್‌ಸಿ 4122 ಅಂತ ಬಂತು, 2024ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9562 ಅದರ ಜಾಗಕ್ಕೆ ಬಂತು.

ತಮಾಷೆ ಇರೋದು ಇಲ್ಲಿ. ಯಂತ್ರಕ್ಕೆ ಇದು 16 ಬೈಟು. ಮನುಷ್ಯರಿಗೆ ತೋರಿಸಬೇಕಾದರೆ 36 ಅಕ್ಷರ. ಪ್ರತಿ ಬೈಟನ್ನೂ ಹದಿನಾರರ ಲೆಕ್ಕದಲ್ಲಿ ಎರಡು ಅಕ್ಷರ ಮಾಡಿ (0ಯಿಂದ 9, ಆಮೇಲೆ ಇಂಗ್ಲಿಷಿನ ಎಯಿಂದ ಎಫ್‌ವರೆಗೆ), 8, 4, 4, 4, 12 ಅಂತ ಗುಂಪು ಮಾಡಿ, ನಡುವೆ ನಾಲ್ಕು ಅಡ್ಡಗೆರೆ ಹಾಕ್ತಾರೆ. 32 ಮತ್ತೆ 4, ಒಟ್ಟು 36. ಒಳಗಿನದನ್ನು ಹೊರಗೆ ತೋರಿಸೋದು ಒಂದು ಕೆಲಸ, ಹೊರಗಿಂದ ಬಂದ 36 ಅಕ್ಷರವನ್ನು ಓದಿ ಮತ್ತೆ 16 ಬೈಟು ಮಾಡೋದು ಇನ್ನೊಂದು ಕೆಲಸ. ಈ ಎರಡನೆಯದಕ್ಕೆ ನಮ್ಮ ಹುಡುಗರು ಪಾರ್ಸಿಂಗ್ ಅಂತಾರೆ. ಈ ಬರಹ ಪೂರ್ತಿ ಈ ಎರಡು ಕೆಲಸಗಳ ಬಗ್ಗೆ. ಇವುಗಳನ್ನು ಹೇಗೆ ಬೇಗ ಮಾಡೋದು, ಎಲ್ಲಿ ಬೇಗ ಮಾಡಬಾರದು ಅಂತ.

"ಅಯ್ಯೋ, ಇಷ್ಟು ಸಣ್ಣ ಕೆಲಸಕ್ಕೆ ಯಾಕೆ ಇಷ್ಟು ಪುರಾಣ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಸಲ ಮಾಡಿದರೆ ಕಣ್ಣು ರೆಪ್ಪೆ ಮಿಟುಕಿಸುವುದರೊಳಗೆ ಲಕ್ಷ ಸಲ ಆಗಿರುವಂಥ ಕೆಲಸ. ಆದ್ರೆ ಹನಿ ಹನಿ ಗೂಡಿದರೆ ಹಳ್ಳ. 2025ರ ಆಗಸ್ಟ್ ತಿಂಗಳಲ್ಲಿ ನಮ್ಮ ದೇಶದ ಯುಪಿಐ ವ್ಯವಹಾರಗಳು ಮೊದಲ ಸಲ 2,000 ಕೋಟಿ ದಾಟಿದವು. ಆ ತಿಂಗಳಿಗೆ 31 ದಿನ. ಭಾಗಿಸಿ ನೋಡಿ, ಹಗಲು ರಾತ್ರಿ ಸೇರಿ ಸರಾಸರಿ ಸೆಕೆಂಡಿಗೆ ಸುಮಾರು 7,470 ವ್ಯವಹಾರ! ಅದೂ ಸರಾಸರಿ. ಬೆಳಗಿನ ಜಾವ ಮೂರು ಗಂಟೆಗೆ ಯಾರು ಚಹಾಕ್ಕೆ ದುಡ್ಡು ಕೊಡ್ತಾರೆ? ಸಂಜೆ ಹೊತ್ತಿನ ಭಾರ ಇನ್ನೂ ಜಾಸ್ತಿಯೇ ಇರಬೇಕು. ಒಂದೊಂದು ವ್ಯವಹಾರವೂ ಕೊಡುವವರ ಆಪ್, ಅವರ ಬ್ಯಾಂಕು, ನಡುವಿನ ಎನ್‌ಪಿಸಿಐ, ಪಡೆಯುವವರ ಬ್ಯಾಂಕು, ಪಡೆಯುವವರ ಆಪ್ ಅಂತ ಮನೆ ಮನೆ ಸುತ್ತುತ್ತೆ. ಪ್ರತಿ ಮನೆಯಲ್ಲೂ ಗುರುತನ್ನು ಓದಬೇಕು, ಬರೆದಿಡಬೇಕು, ಮುಂದಕ್ಕೆ ಕಳಿಸಬೇಕು, ಲಾಗ್ ಪುಸ್ತಕದಲ್ಲಿ ನಮೂದಿಸಬೇಕು. ಇಂಥ ಕಡೆ ಒಂದು ಸಣ್ಣ ಕೆಲಸ ಎರಡರಷ್ಟು ನಿಧಾನ ಇದ್ದರೆ ಅದಕ್ಕೆ ತಕ್ಕಂತೆ ಯಂತ್ರ ಬೇಕು, ಕರೆಂಟ್ ಬೇಕು, ಕೊನೆಗೆ ಆ ಖರ್ಚು ಯಾರೋ ಒಬ್ಬರು ಕೊಡಲೇಬೇಕು.

ಸರಿ, ಬೇಗ ಮಾಡೋದು ಹೇಗೆ? ಹುಡುಗರು ನನಗೆ ವಿವರಿಸಿದಾಗ ಇದೆಲ್ಲ ನಮ್ಮ ಹಳೇ ಬ್ಯಾಂಕಿನ ಪದ್ಧತಿಗಳೇ ಅಲ್ವಾ ಅನ್ನಿಸಿತು.

ಮೊದಲನೆಯದು ರೆಡಿ ರೆಕನರ್. ಕಂಪ್ಯೂಟರ್ ಬರೋಕೆ ಮುಂಚೆ ಬಡ್ಡಿ ಲೆಕ್ಕಕ್ಕೆ ನಮ್ಮ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇರ್ತಿತ್ತು. ಇಷ್ಟು ಅಸಲು, ಇಷ್ಟು ದಿನ, ಇಷ್ಟು ದರ ಅಂದ್ರೆ ಬಡ್ಡಿ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿ ಅಚ್ಚು ಮಾಡಿಟ್ಟಿದ್ದು. ಗುಮಾಸ್ತ ಗುಣಿಸ್ತಾ ಕೂರ್ತಿರಲಿಲ್ಲ, ಪುಟ ತೆಗೆದು ನೋಡಿ ಬರೀತಿದ್ದ. ಬೈಟನ್ನು ಅಕ್ಷರ ಮಾಡೋದಕ್ಕೂ ಇದೇ ಉಪಾಯ. ಒಂದು ಬೈಟಿಗೆ ಇರೋದು 256 ಬೆಲೆಗಳು ಮಾತ್ರ. ಪ್ರತಿಯೊಂದಕ್ಕೂ ಯಾವ ಎರಡು ಅಕ್ಷರ ಅಂತ ಮೊದಲೇ ಪಟ್ಟಿ ಮಾಡಿಟ್ಟರೆ 16 ಸಲ ಪಟ್ಟಿ ನೋಡಿದರೆ ಕೆಲಸ ಮುಗೀತು. ಭಾಗಾಕಾರ ಇಲ್ಲ, "ಒಂಬತ್ತಕ್ಕಿಂತ ದೊಡ್ಡದಾ, ಚಿಕ್ಕದಾ" ಅಂತ ವಿಚಾರಣೆ ಇಲ್ಲ. ಇದರ ಬದಲು ಎಲ್ಲ ಬಗೆಯ ಬರಹಕ್ಕೂ ಆಗುವಂಥ ಸಾಮಾನ್ಯ ಫಾರ್ಮ್ಯಾಟ್ ವಿಧಾನ ಬಳಸಿದರೆ ಏನಾಗುತ್ತೆ? ಅದು ಪ್ರತಿ ಸಲವೂ "ಎಷ್ಟು ಅಗಲ, ಮುಂದೆ ಸೊನ್ನೆ ಹಾಕಬೇಕಾ" ಅಂತ ಸೂಚನೆಯ ಸಾಲನ್ನೇ ಮೊದಲಿಂದ ಓದುತ್ತೆ. ದಿನಾ ಬರುವ ಗಿರಾಕಿಗೆ ದಿನಾ ಹೊಸದಾಗಿ ಖಾತೆ ತೆರೆಯುವ ಅರ್ಜಿ ತುಂಬಿಸಿಕೊಂಡ ಹಾಗೆ.

ಎರಡನೆಯದು ಚೀಟಿಗಳ ಕಾಟ. ಜಾವಾ ಭಾಷೆಯ 2014ರ ಎಂಟನೇ ಆವೃತ್ತಿಯಲ್ಲಿ ಯುಯುಐಡಿ ಓದುವ ಕ್ರಮ ಹೀಗಿತ್ತು. ಬಂದ ಬರಹವನ್ನು ಅಡ್ಡಗೆರೆ ಇರುವ ಕಡೆ ಕತ್ತರಿಸಿ ಐದು ತುಂಡು ಮಾಡೋದು. ಇದು ಹದಿನಾರರ ಲೆಕ್ಕ ಅಂತ ಗೊತ್ತಾಗಲಿ ಅಂತ ಪ್ರತಿ ತುಂಡಿನ ಮುಂದೆ ಎರಡಕ್ಷರದ ಗುರುತು ಅಂಟಿಸಿ ಇನ್ನೈದು ಹೊಸ ತುಂಡು ಮಾಡೋದು. ಆಮೇಲೆ ಒಂದೊಂದನ್ನೇ ಸಂಖ್ಯೆ ಮಾಡಿ ಜೋಡಿಸೋದು. ಅಂದ್ರೆ ಒಂದು ಗುರುತು ಓದೋಕೆ ಕಡಿಮೆ ಅಂದ್ರೂ ಹತ್ತು ಚೀಟಿ ಬರೆದು ಹತ್ತನ್ನೂ ಕಸದ ಬುಟ್ಟಿಗೆ ಎಸೆದ ಹಾಗೆ! ಚೀಟಿ ಬರೆಯೋದು ದೊಡ್ಡ ಕೆಲಸ ಅಲ್ಲ. ಆದ್ರೆ ಬುಟ್ಟಿ ತುಂಬಿದಾಗ ಗುಡಿಸುವವನು ಬರ್ತಾನಲ್ಲ, ಅವನ ಗದ್ದಲಕ್ಕೆ ಆಗಾಗ ಕೌಂಟರ್ ಕೆಲಸ ಅರೆಕ್ಷಣ ನಿಲ್ಲುತ್ತೆ. ಗಾರ್ಬೇಜ್ ಕಲೆಕ್ಟರ್ ಅನ್ನೋದು ಅವನ ಹೆಸರು. 2017ರಲ್ಲಿ ಬಂದ ಒಂಬತ್ತನೇ ಆವೃತ್ತಿಯಲ್ಲಿ ಈ ಚೀಟಿಗಳ ಸಂಖ್ಯೆ ಬಹಳ ಕಡಿಮೆ ಮಾಡಿದರು. ಆಮೇಲಿನ ಆವೃತ್ತಿಗಳಲ್ಲಿ ಬರಹದ ಉದ್ದ ಸರಿಯಾಗಿ 36 ಇದ್ದರೆ ನೇರವಾಗಿ ಪಟ್ಟಿ ನೋಡಿ ಓದುವ ಪ್ರತ್ಯೇಕ ದಾರಿಯನ್ನೇ ಮಾಡಿದರು. ಪಾಠ ಏನಪ್ಪಾ ಅಂದ್ರೆ, ತುಂಡು ಮಾಡದೆ ಇದ್ದ ಜಾಗದಲ್ಲೇ ಓದಬೇಕು.

ಮೂರನೆಯದು ತಪ್ಪು ಬಂದಾಗ ಏನು ಮಾಡಬೇಕು ಅನ್ನೋದು. ಸಹಿ ಇಲ್ಲದ ಚೆಕ್ಕು ಬಂದರೆ ಕೌಂಟರಿನವನು ಒಂದು ರಿಟರ್ನ್ ಮೆಮೊ ಬರೆದು ವಾಪಸ್ ಕೊಡ್ತಾನೆ. ಪ್ರತಿ ಚೆಕ್ಕಿಗೂ ಮ್ಯಾನೇಜರನ್ನು ಕರೆದು, ಪಂಚನಾಮೆ ಮಾಡಿಸಿ, ಘಟನೆ ಹೇಗಾಯ್ತು ಅಂತ ವರದಿ ಬರೆಸಿದರೆ ಶಾಖೆ ಸಂಜೆಯಾದರೂ ಮುಚ್ಚೋದಿಲ್ಲ. ಕೋಡಿನಲ್ಲಿ ಎಕ್ಸೆಪ್ಷನ್ ಅನ್ನೋದು ಆ ಪಂಚನಾಮೆ. ಡಾಟ್‌ನೆಟ್‌ನಲ್ಲಿ ಇದಕ್ಕಾಗಿಯೇ ಟ್ರೈಪಾರ್ಸ್ ಅಂತ ಇದೆ, "ಆಯ್ತು" ಅಥವಾ "ಆಗಲಿಲ್ಲ" ಅಂತ ಎರಡೇ ಉತ್ತರ. ಹೊರಗಿಂದ ಕೆಟ್ಟ ಗುರುತುಗಳು ರಾಶಿ ರಾಶಿ ಬರುವ ಕಡೆ ಇದೊಂದೇ ಬದಲಾವಣೆ ದೊಡ್ಡ ಉಪಕಾರ ಮಾಡುತ್ತೆ.

ನಾಲ್ಕನೆಯದು ಒಟ್ಟಿಗೆ ಠಸ್ಸೆ ಹೊಡೆಯೋದು. ಈಗಿನ ಪ್ರೊಸೆಸರ್‌ಗಳಲ್ಲಿ ಸಿಮ್ಡ್ ಅನ್ನುವ ಸೌಲಭ್ಯ ಇದೆ, ಒಂದೇ ಆಜ್ಞೆಗೆ 16 ಬೈಟುಗಳ ಮೇಲೆ ಒಟ್ಟಿಗೆ ಕೆಲಸ ನಡೆಯುತ್ತೆ. ಯುಯುಐಡಿಯೂ ಸರಿಯಾಗಿ 16 ಬೈಟು, ಹೇಳಿ ಮಾಡಿಸಿದ ಜೋಡಿ. ಒಂದೊಂದೇ ವೋಚರಿಗೆ ಠಸ್ಸೆ ಹೊಡೆಯೋ ಬದಲು ಹದಿನಾರನ್ನು ಸಾಲಾಗಿ ಇಟ್ಟು ಒಂದೇ ಏಟಿಗೆ ಹೊಡೆದ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯಕ್ಕೆ ಬರ್ತೀನಿ. ಈ ನಾಲ್ಕೂ ಉಪಾಯಗಳಿಗಿಂತ ದೊಡ್ಡ ಉಪಾಯ ಒಂದಿದೆ, ಅದನ್ನು ಜನ ಮರೀತಾರೆ. ಪರಿವರ್ತನೆ ಬೇಗ ಮಾಡೋದಕ್ಕಿಂತ ಮಾಡದೇ ಇರೋದು ಇನ್ನೂ ಬೇಗ!

ಒಂದು ಕಡೆ (ಎಲ್ಲಿ ಅಂತ ಕೇಳಬೇಡಿ) ಎರಡು ಫೈಲುಗಳನ್ನು ತಾಳೆ ಹಾಕುವ ರಾತ್ರಿ ಕೆಲಸ ಬೆಳಗಾದರೂ ಮುಗೀತಿರಲಿಲ್ಲ. ಬೆಳಿಗ್ಗೆ ಶಾಖೆಗಳು ತೆರೆಯುವ ಹೊತ್ತಿಗೆ ಹಿಂದಿನ ದಿನದ ತಾಳೆ ಇಲ್ಲ. ಗಿರಾಕಿ ಬಂದು "ನನ್ನ ದುಡ್ಡು ಎಲ್ರೀ?" ಅಂದರೆ ಮುಖ ಮುಖ ನೋಡಬೇಕು. ಇನ್ನಷ್ಟು ದೊಡ್ಡ ಯಂತ್ರ ತರಿಸೋಣ ಅಂತ ಮಾತು ನಡೆದಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಕೂತು ನೋಡಿದ. ಒಂದು ಫೈಲಿನಲ್ಲಿ ಗುರುತು ಸಣ್ಣಕ್ಷರ, ಅಡ್ಡಗೆರೆ ಸಮೇತ. ಇನ್ನೊಂದರಲ್ಲಿ ದೊಡ್ಡಕ್ಷರ, ಅಡ್ಡಗೆರೆ ಇಲ್ಲ. ಹೋಲಿಸುವಾಗಲೆಲ್ಲ ಎರಡೂ ಕಡೆಯದನ್ನು ತಿದ್ದಿ, ಗೆರೆ ತೆಗೆದು, ಆಮೇಲೆ ಹೋಲಿಸ್ತಿದ್ದರು. ಒಂದೇ ಗುರುತನ್ನು ನೂರು ಸಲ ಹೋಲಿಸಿದರೆ ನೂರು ಸಲ ತಿದ್ದೋದು. ಡೇಟಾಬೇಸಿನಲ್ಲೂ ಹಾಗೇ. ಪ್ರತಿ ಸಾಲಿನ ಮೇಲೂ ತಿದ್ದುವ ಕ್ರಿಯೆ ಓಡಿಸಿದ್ದರಿಂದ ಅಲ್ಲಿದ್ದ ಇಂಡೆಕ್ಸ್ ಕೆಲಸಕ್ಕೇ ಬರ್ತಿರಲಿಲ್ಲ. ಆ ಹುಡುಗ ಮಾಡಿದ್ದು ಇಷ್ಟೇ. ಫೈಲು ಒಳಗೆ ಬರುವಾಗ ಒಂದೇ ಸಲ ಓದಿ 16 ಬೈಟು ಮಾಡಿಟ್ಟ. ಆಮೇಲೆ ಒಳಗೆಲ್ಲ ಬೈಟಿಗೆ ಬೈಟು ಹೋಲಿಕೆ. ಹೊಸ ಯಂತ್ರ ಬರಲಿಲ್ಲ, ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ತಾಳೆ ಮುಗೀತಿತ್ತು.

ಜಾಗದ ಲೆಕ್ಕವನ್ನೂ ನೋಡಿ. ಬರಹವಾಗಿ ಇಟ್ಟರೆ 36 ಬೈಟು, ಇದ್ದ ಹಾಗೇ ಇಟ್ಟರೆ 16. ಉಳಿತಾಯ 20 ಬೈಟು. 2,000 ಕೋಟಿ ಸಾಲುಗಳಿಗೆ 40,000 ಕೋಟಿ ಬೈಟು, ಅಂದ್ರೆ 400 ಜಿಬಿ. ಒಂದು ಕಾಲಮ್ಮಿಗೆ! ಅದೇ ಗುರುತು ಇಂಡೆಕ್ಸಿನಲ್ಲಿ, ಬ್ಯಾಕಪ್‌ನಲ್ಲಿ, ಇನ್ನೊಂದು ಟೇಬಲ್ಲಿನಲ್ಲಿ ಅಂತ ಎಷ್ಟು ಕಡೆ ಇರುತ್ತೋ ಅಷ್ಟು ಪಟ್ಟು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಅಂತಲೇ ಒಂದು ಬಗೆ ಇದೆ. ಮೈಎಸ್‌ಕ್ಯೂಎಲ್ ಎಂಟನೇ ಆವೃತ್ತಿಯಲ್ಲಿ ಬರಹದಿಂದ ಬೈಟಿಗೆ, ಬೈಟಿನಿಂದ ಬರಹಕ್ಕೆ ಬದಲಿಸುವ ಕ್ರಿಯೆಗಳು ಸಿದ್ಧವಾಗಿಯೇ ಬರುತ್ತವೆ. ಆದ್ರೂ 36 ಅಕ್ಷರದ ಕಾಲಮ್ ಮಾಡಿಕೊಂಡು ಕೂರುವವರು ಬೇಕಾದಷ್ಟು ಜನ. ಕಣ್ಣಿಗೆ ಕಾಣುತ್ತೆ, ಓದಬಹುದು ಅನ್ನೋದೊಂದೇ ಕಾರಣ. ಓದುವವರು ಯಾರು ಸ್ವಾಮಿ? ತಿಂಗಳಿಗೊಮ್ಮೆ ಏನೋ ತೊಂದರೆ ಆದಾಗ ಒಬ್ಬ ಎಂಜಿನಿಯರ್ ಓದ್ತಾನೆ. ಅವನೊಬ್ಬನಿಗೋಸ್ಕರ ಕೋಟಿಗಟ್ಟಲೆ ಸಾಲು ಅಲಂಕಾರ ಮಾಡಿಕೊಂಡು ಕೂರಬೇಕಾ? ಅವನು ಕೇಳಿದಾಗ ತೋರಿಸಿದರೆ ಸಾಕು.

ಇದರಲ್ಲೂ ಒಂದು ಮುಳ್ಳಿದೆ, ಅದನ್ನೂ ಹೇಳಿಬಿಡ್ತೀನಿ. ಮೈಕ್ರೋಸಾಫ್ಟಿನ ಜಿಯುಐಡಿಯಲ್ಲಿ ಮೊದಲ ಮೂರು ಭಾಗಗಳ ಬೈಟುಗಳು ಹಿಂದುಮುಂದಾಗಿ ಕೂತಿರುತ್ತವೆ. ಒಂದು ಕಡೆಯಿಂದ 16 ಬೈಟು ಎತ್ತಿ ಇನ್ನೊಂದು ಕಡೆ ಹಾಗೇ ಸುರಿದರೆ ತೋರುವ ಬರಹವೇ ಬೇರೆ ಆಗುತ್ತೆ. ಒಳಗಿನ ಕ್ರಮ ಯಾವುದು ಅಂತ ಎರಡೂ ಕಡೆಯವರು ಮೊದಲೇ ಬರೆದು ಒಪ್ಪಿಕೊಂಡಿರಬೇಕು.

ಓದಲೇಬೇಕಾಗಿ ಬಂದಾಗಲೂ ಪೂರ್ತಿ ಓದಬೇಕಾ ಅನ್ನೋದು ಇನ್ನೊಂದು ಪ್ರಶ್ನೆ. ನಮ್ಮ ಮುಂಬಯಿ ಡಬ್ಬಾವಾಲಾಗಳನ್ನು ನೋಡಿ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣ, ಅಕ್ಷರ, ಅಂಕೆ ಬರೆದಿರ್ತಾರೆ. ಸ್ಟೇಷನ್ನಿನಲ್ಲಿ ವಿಂಗಡಿಸುವವನು ತನಗೆ ಬೇಕಾದ ಗುರುತು ಮಾತ್ರ ನೋಡ್ತಾನೆ. ಯಾವ ಮಹಡಿ ಅನ್ನೋದು ಅವನಿಗೆ ಬೇಡ, ಅದು ಕೊನೆಗೆ ಮೆಟ್ಟಿಲು ಹತ್ತುವವನ ಕೆಲಸ. ನಮ್ಮ ಐಎಫ್‌ಎಸ್‌ಸಿ ಕೂಡ ಹಾಗೇ. 11 ಅಕ್ಷರದಲ್ಲಿ ಮೊದಲ ನಾಲ್ಕು ಬ್ಯಾಂಕು, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ಯಾವ ಬ್ಯಾಂಕಿಗೆ ಕಳಿಸಬೇಕು ಅಂತ ತಿಳಿಯೋಕೆ ಮೊದಲ ನಾಲ್ಕು ಸಾಕು. ಆದ್ರೆ ನೆನಪಿಡಿ, ವಿಂಗಡಿಸುವವನು ಅರ್ಧ ಓದಬಹುದು, ಸ್ವೀಕರಿಸುವವನು ಅರ್ಧ ಓದುವ ಹಾಗಿಲ್ಲ.

ಈ ಕೊನೇ ಮಾತೇ ನಾನು ಹೇಳಬೇಕು ಅಂತಿರೋದು. ವೇಗದ ಹುಚ್ಚು ಹತ್ತಿದಾಗ ಮೊದಲು ಬಲಿ ಆಗೋದು ತಪಾಸಣೆ.

ಒಂದು ಉದಾಹರಣೆ ಕೊಡ್ತೀನಿ. ಹದಿನಾರರ ಲೆಕ್ಕದ ಅಕ್ಷರವನ್ನು ಬೆಲೆ ಮಾಡೋಕೆ ಪಟ್ಟಿಯೂ ಬೇಡ ಅಂತ ಒಂದು ಚುರುಕಾದ ಗಣಿತ ಇದೆ. ಅಕ್ಷರದ ಸಂಕೇತ ಸಂಖ್ಯೆಯ ಕೊನೆಯ ನಾಲ್ಕು ಬಿಟ್ ತಗೊಳ್ಳೋದು, ಅದು ಅಂಕೆಯಲ್ಲದೆ ಅಕ್ಷರ ಆಗಿದ್ದರೆ 9 ಕೂಡಿಸೋದು. ಸರಿಯಾದ ಅಕ್ಷರಗಳಿಗೆಲ್ಲ ಸರಿಯಾದ ಉತ್ತರ, ಮಿಂಚಿನ ವೇಗ. ಆದ್ರೆ ಇಂಗ್ಲಿಷಿನ ಸಣ್ಣ "ಎ" ಸಂಕೇತ 97, ಸಣ್ಣ "ಕ್ಯೂ" ಸಂಕೇತ 113. ಎರಡರ ನಡುವೆ ಸರಿಯಾಗಿ 16 ಅಂತರ, ಹಾಗಾಗಿ ಕೊನೆಯ ನಾಲ್ಕು ಬಿಟ್ ಒಂದೇ! ಈ ಗಣಿತ "ಕ್ಯೂ" ಬಂದರೂ "ಎ" ಅಂತಲೇ ಓದಿ, ತಕರಾರಿಲ್ಲದೆ ಮುಂದೆ ಹೋಗುತ್ತೆ. ಹದಿನಾರರ ಲೆಕ್ಕದಲ್ಲಿ "ಕ್ಯೂ" ಅನ್ನುವ ಅಕ್ಷರವೇ ಇಲ್ಲ! ಕೆಟ್ಟ ವೋಚರು ಒಳ್ಳೆ ವೋಚರ್ ಆಗಿ ಒಳಗೆ ಹೋಯ್ತು.

ಜಾವಾದ ಯುಯುಐಡಿ ಓದುವ ವಿಧಾನ ಹಿಂದಿನಿಂದಲೂ ಸ್ವಲ್ಪ ಉದಾರಿ. "1-1-1-1-1" ಅಂತ ಒಂಬತ್ತೇ ಅಕ್ಷರ ಕೊಟ್ಟರೂ ಮುಂದೆ ಸೊನ್ನೆ ತುಂಬಿಕೊಂಡು ಪೂರ್ತಿ 128 ಬಿಟ್ಟಿನ ಗುರುತು ಅಂತ ಒಪ್ಪಿಕೊಳ್ಳುತ್ತೆ. ಇನ್ನೊಂದು ವಿಷಯ ಕೇಳಿ, ಕನ್ನಡಿಗರಿಗೆ ಖುಷಿ ಆಗಬಹುದು. ಜಾವಾ, ಪೈಥಾನ್ ಎರಡರಲ್ಲೂ ಬರಹವನ್ನು ಸಂಖ್ಯೆ ಮಾಡುವ ಸಾಮಾನ್ಯ ವಿಧಾನಗಳು ನಮ್ಮ ೧, ೨, ೩ ಅಂಕೆಗಳನ್ನೂ ಒಪ್ಪುತ್ತವೆ! ಯುನಿಕೋಡಿನಲ್ಲಿ ಅವೂ ಅಂಕೆಗಳೇ ತಾನೆ. ಕನ್ನಡಿಗನಾಗಿ ನನಗೂ ಹೆಮ್ಮೆ. ಆದ್ರೆ ಬ್ಯಾಂಕಿನವನಾಗಿ ಎದೆ ಧಸಕ್ ಅನ್ನುತ್ತೆ. ಬರಹವಾಗಿ ನೋಡಿದರೆ ಎರಡು ಬೇರೆ ಬೇರೆ ಗುರುತು, ಓದಿದ ಮೇಲೆ ಎರಡೂ ಒಂದೇ. ಒಂದು ವ್ಯವಸ್ಥೆ ಬರಹ ನೋಡಿ "ಇದು ಹೊಸ ವ್ಯವಹಾರ" ಅನ್ನುತ್ತೆ, ಇನ್ನೊಂದು ಬೈಟು ನೋಡಿ "ಇದು ಆಗಲೇ ಬಂದಿದೆ" ಅನ್ನುತ್ತೆ. ರಿಕನ್ಸಿಲಿಯೇಷನ್ನಿನವರ ಅರ್ಧ ಆಯುಷ್ಯ ಕಳೆಯೋದು ಇಂಥ ಜಗಳ ಬಿಡಿಸುವುದರಲ್ಲೇ.

ಹಾಗಾದ್ರೆ ತಪಾಸಣೆ ಮಾಡಿದರೆ ವೇಗ ಹೋಗುತ್ತಾ? ಇಲ್ಲ! ಇದನ್ನು ಕೇಳಿ ನನಗೆ ನಿಜಕ್ಕೂ ಸಂತೋಷ ಆಯ್ತು. ಓದುವ ಪಟ್ಟಿಯಲ್ಲಿ ಸರಿಯಾದ ಅಕ್ಷರಕ್ಕೆ 0ಯಿಂದ 15, ಉಳಿದ ಎಲ್ಲದಕ್ಕೂ ಮೈನಸ್ 1 ಅಂತ ಬರೆದಿಡ್ತಾರೆ. 32 ಅಕ್ಷರದ ಬೆಲೆಗಳನ್ನೂ ಓದ್ತಾ ಓದ್ತಾ ಬಿಟ್ಟಿಗೆ ಬಿಟ್ಟು ಒಂದರ ಮೇಲೊಂದು ಸೇರಿಸ್ತಾ ಹೋಗ್ತಾರೆ. ನಡುವೆ ಎಲ್ಲೂ ನಿಂತು ಕೇಳೋದಿಲ್ಲ. ಒಂದೇ ಒಂದು ಕೆಟ್ಟ ಅಕ್ಷರ ಇದ್ದರೂ ಕೊನೆಯ ಫಲ ಮೈನಸ್ ಆಗಿಬಿಡುತ್ತೆ, ಹಾಲಿನ ಕೊಡಕ್ಕೆ ಒಂದು ಹನಿ ಹುಳಿ ಬಿದ್ದ ಹಾಗೆ. ಕೊನೆಯಲ್ಲಿ ಒಂದೇ ಪ್ರಶ್ನೆ. ಮೈನಸ್ಸಾ, ಅಲ್ವಾ? ಜೊತೆಗೆ ಉದ್ದ 36 ಇದೆಯಾ, ನಾಲ್ಕು ಗೆರೆ ತಮ್ಮ ಜಾಗದಲ್ಲಿವೆಯಾ, ಪಟ್ಟಿಯ ಹೊರಗಿನ ಅಕ್ಷರ ಇದೆಯಾ ಅಂತ ನೋಡಿದರೆ ಆಯ್ತು. ವೇಗಕ್ಕೂ ಕಟ್ಟುನಿಟ್ಟಿಗೂ ಜಗಳ ಇಲ್ಲ. ಜಗಳ ಇದೆ ಅನ್ನುವವರು ಇನ್ನೂ ಸ್ವಲ್ಪ ಯೋಚನೆ ಮಾಡಬೇಕು ಅಷ್ಟೇ.

ನಮ್ಮ ದೇಶದಲ್ಲೇ ಇದಕ್ಕೆ ಒಳ್ಳೆ ನಿದರ್ಶನ ಇದೆ. ಯುಪಿಐ ವ್ಯವಹಾರದ ಗುರುತು 35 ಅಕ್ಷರದ್ದು. ಅದರಲ್ಲಿ ಅಕ್ಷರ, ಅಂಕೆ ಬಿಟ್ಟು ಬೇರೆ ಚಿಹ್ನೆ ಇರಬಾರದು ಅಂತ ನಿಯಮ. ಅಡ್ಡಗೆರೆ ಇರುವ 36 ಅಕ್ಷರದ ಯುಯುಐಡಿ ಅಲ್ಲಿ ಹಿಡಿಸೋದೂ ಇಲ್ಲ, ನಡೆಯೋದೂ ಇಲ್ಲ. ಗೆರೆ ತೆಗೆದ 32 ಅಕ್ಷರ ಹಾಕಿದರೆ ಇನ್ನೂ ಮೂರು ಅಕ್ಷರಕ್ಕೆ ಜಾಗ ಉಳಿಯುತ್ತೆ. ಎನ್‌ಪಿಸಿಐ 2024ರ ಮಾರ್ಚ್‌ನಲ್ಲೇ ಇದನ್ನು ಎಲ್ಲರಿಗೂ ತಿಳಿಸಿತ್ತು. ಆಮೇಲೂ ಪಾಲಿಸದವರು ಉಳಿದಿದ್ದರು. ಕೊನೆಗೆ 2025ರ ಫೆಬ್ರವರಿ 1ರಿಂದ ವಿಶೇಷ ಚಿಹ್ನೆ ಇರುವ ಗುರುತು ಬಂದರೆ ಆ ವ್ಯವಹಾರವನ್ನೇ ಕೇಂದ್ರ ವ್ಯವಸ್ಥೆ ತಿರಸ್ಕರಿಸುತ್ತೆ ಅಂತ ಖಡಕ್ಕಾಗಿ ಹೇಳಿತು. ಆಗ ಕೆಲವರು ಗೊಣಗಿದರು, ಗಿರಾಕಿಗೆ ತೊಂದರೆ ಅಂತ. ನನಗಂತೂ ಅದು ಸರಿ ಅನ್ನಿಸಿತು. ಬಾಗಿಲಲ್ಲಿ ಒಂದು ಸಲ ನಿಲ್ಲಿಸಿದರೆ ಒಬ್ಬರಿಗೆ ಒಂದು ನಿಮಿಷದ ಬೇಸರ. ಒಳಗೆ ಬಿಟ್ಟುಕೊಂಡರೆ ಎಲ್ಲರಿಗೂ ತಿಂಗಳಿಡೀ ತಾಳೆಯ ಗೋಳು.

ಕಟ್ಟುನಿಟ್ಟಾದ ಓದು ಕೂಡ ಒಂದು ತಪ್ಪನ್ನು ಹಿಡಿಯಲಾರದು. ನಮ್ಮ ಡೆಬಿಟ್ ಕಾರ್ಡಿನ ನಂಬರಿನಲ್ಲಿ ಕೊನೆಯ ಅಂಕೆ ತಾಳೆ ಅಂಕೆ, ಲೂನ್ ಅನ್ನುವವರ ಸೂತ್ರ. ಯಾವುದಾದರೂ ಒಂದು ಅಂಕೆ ತಪ್ಪಿದರೆ ಖಂಡಿತ ಸಿಕ್ಕಿಬೀಳುತ್ತೆ. ಆಧಾರ್‌ನ 12 ಅಂಕೆಯಲ್ಲೂ ಕೊನೆಯದು ತಾಳೆ ಅಂಕೆಯೇ. ಅದು ವರ್‌ಹೂಫ್ ಸೂತ್ರ, ಪಕ್ಕಪಕ್ಕದ ಎರಡು ಅಂಕೆ ಅದಲು ಬದಲಾದರೂ ಹಿಡಿಯುತ್ತೆ. ಯುಯುಐಡಿಯಲ್ಲಿ ಇಂಥದ್ದು ಇಲ್ಲ. ಒಂದು ಅಕ್ಷರ ತಪ್ಪಿ ಬರೆದರೆ ಅದು ಇನ್ನೊಂದು ಸರಿಯಾದ ಯುಯುಐಡಿ ಆಗಿ ಕೂರುತ್ತೆ. ಅದಕ್ಕೇ ನಾನನ್ನೋದು, ಇದು ಯಂತ್ರ ಯಂತ್ರದ ನಡುವಿನ ಗುರುತು, ಮನುಷ್ಯರ ಕೈಲಿ ಟೈಪ್ ಮಾಡಿಸಬೇಡಿ.

ಟೈಪ್ ಮಾಡಿಸಿದರೆ ಏನಾಗುತ್ತೆ ಅಂತ ನಮ್ಮ ಖಾತೆ ನಂಬರುಗಳನ್ನು ನೋಡಿ ಕಲೀಬೇಕು. ದೇಶಕ್ಕೆಲ್ಲ ಒಂದೇ ತಾಳೆ ಅಂಕೆಯ ನಿಯಮ ಅವಕ್ಕಿಲ್ಲ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಎಲೆಕ್ಟ್ರಾನಿಕ್ ಪಾವತಿಗಳನ್ನು ಖಾತೆ ನಂಬರಿನ ಆಧಾರದ ಮೇಲೆ ಮಾತ್ರ ಜಮಾ ಮಾಡಬಹುದು ಅಂತ ಹೇಳಿತು. ವೇಗಕ್ಕೆ ಅದು ಬೇಕಾಗಿತ್ತು, ಹೆಸರು ತಾಳೆ ನೋಡ್ತಾ ಕೂತರೆ ಎನ್‌ಇಎಫ್‌ಟಿ ಓಡ್ತಿರಲಿಲ್ಲ. ಆದ್ರೆ ಮೇಜಿನ ಈ ಕಡೆ ಕೂತು ನಾನು ಎಷ್ಟು ಜನರನ್ನು ನೋಡಿಲ್ಲ? ನಿವೃತ್ತಿಯ ದುಡ್ಡನ್ನು ಮಗಳ ಖಾತೆಗೆ ಹಾಕೋಕೆ ಹೋಗಿ ಒಂದು ಅಂಕೆ ತಪ್ಪಿಸಿ ಯಾರದೋ ಖಾತೆಗೆ ಕಳಿಸಿದ ಹಿರಿಯರು, ಕಣ್ಣಲ್ಲಿ ನೀರು ತುಂಬಿಕೊಂಡು ಎದುರಿಗೆ ಕೂರ್ತಾರೆ. ಆ ಕಡೆಯವರು ಒಪ್ಪಿ ವಾಪಸ್ ಕೊಡುವವರೆಗೆ ಪತ್ರದ ಮೇಲೆ ಪತ್ರ ಬರೆಯೋದು ಬಿಟ್ಟು ನಮ್ಮ ಕೈಲಿ ಹೆಚ್ಚೇನೂ ಇರಲ್ಲ. 2024ರ ಡಿಸೆಂಬರ್ 30ರಂದು ರಿಸರ್ವ್ ಬ್ಯಾಂಕು, ಆರ್‌ಟಿಜಿಎಸ್ ಮತ್ತು ಎನ್‌ಇಎಫ್‌ಟಿಯಲ್ಲೂ ದುಡ್ಡು ಕಳಿಸೋಕೆ ಮುಂಚೆ ಪಡೆಯುವವರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿತು. ಒಳ್ಳೆಯದಾಯ್ತು. ಆದ್ರೆ ಲೆಕ್ಕ ಹಾಕಿ, ವೇಗ ಬಂದ 14 ವರ್ಷದ ಮೇಲೆ ತಪಾಸಣೆ ಬಂತು.

ಇನ್ನೊಂದು ಚಟದ ಬಗ್ಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಗುರುತಿನಲ್ಲಿ ಅಂಕೆಗಳೇ ಇವೆ ಅಂತ ಅದನ್ನು ಸಂಖ್ಯೆ ಮಾಡಿಬಿಡೋದು. ಖಾತೆ ನಂಬರನ್ನು ಯಾರಾದ್ರೂ ಕೂಡಿಸ್ತಾರಾ, ಕಳೀತಾರಾ? ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತೆ. 16 ಅಂಕೆಯ ಖಾತೆ ನಂಬರ್ ಹಾಗೇ ಹಾಕಿದರೆ ಕೊನೆಯದು ಸೊನ್ನೆ ಆಗುತ್ತೆ, ಮುಂದಿನ ಸೊನ್ನೆಗಳು ಮಾಯ. ಜಾವಾಸ್ಕ್ರಿಪ್ಟ್‌ನಲ್ಲಿ ಮಾಮೂಲಿ ಪೂರ್ಣ ಸಂಖ್ಯೆ ನಂಬಿಕೆಗೆ ಅರ್ಹ ಆಗಿರೋದು ಸುಮಾರು 9,007 ಲಕ್ಷ ಕೋಟಿಯವರೆಗೆ, ಅಂದ್ರೆ 16 ಅಂಕೆಗೇ ಅದು ಸುಸ್ತು. 2010ರಲ್ಲಿ ಟ್ವಿಟರ್‌ನವರು ದೊಡ್ಡ ಗುರುತುಗಳಿಗೆ ಹೋದಾಗ ಇದೇ ಕಾರಣಕ್ಕೆ ಪ್ರತಿ ಗುರುತನ್ನೂ ಸಂಖ್ಯೆಯಾಗಿ ಒಂದು ಸಲ, ಬರಹವಾಗಿ ಇನ್ನೊಂದು ಸಲ ಕಳಿಸಬೇಕಾಯ್ತು. ವೇಗಕ್ಕೆ ಅಂತ ಸಂಖ್ಯೆ ಮಾಡಿ ಗುರುತನ್ನೇ ಕಳಕೊಂಡರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ನನ್ನ ಮಟ್ಟಿಗೆ ಹೇಳೋದಾದರೆ ಇಷ್ಟು. ಮೊದಲು ಅಳೆದು ನೋಡಿ. ದಿನಕ್ಕೆ ಸಾವಿರ ವ್ಯವಹಾರ ಮಾಡುವ ಸಹಕಾರಿ ಸಂಘಕ್ಕೆ ಸಿಮ್ಡ್ ಬೇಡ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಭಾರ ಇದೆ ಅಂತ ಖಾತ್ರಿ ಆದರೆ, ಎಲ್ಲೆಲ್ಲಿ ಪರಿವರ್ತನೆ ಬೇಡವೋ ಅಲ್ಲೆಲ್ಲ ಕಿತ್ತುಹಾಕಿ. ಗುರುತು ಒಳಗೆ ಬರುವಾಗ ಬಾಗಿಲಲ್ಲಿ ಒಂದು ಸಲ ಓದಿ, ಹೊರಗೆ ಹೋಗುವಾಗ ಒಂದು ಸಲ ಬರೆಯಿರಿ, ನಡುವೆ ಮುಟ್ಟಬೇಡಿ. ಆ ಎರಡು ಜಾಗದಲ್ಲಿ ಎಷ್ಟು ಬೇಕಾದ್ರೂ ಚುರುಕು ಮಾಡಿ, ರೆಡಿ ರೆಕನರ್ ಇಡಿ, ಚೀಟಿ ಕಡಿಮೆ ಮಾಡಿ. ಆದ್ರೆ ಬಾಗಿಲ ತಪಾಸಣೆ ಮಾತ್ರ ಬಿಡಬೇಡಿ. ಅದರಿಂದ ಉಳಿಯುವ ಸಮಯ ನಿಮ್ಮ ಪರೀಕ್ಷಾ ವರದಿಯಲ್ಲಿ ಚಂದ ಕಾಣಬಹುದು. ಆದ್ರೆ ಅದರ ಬೆಲೆ ತೆರೋದು ಕೋಡ್ ಬರೆದವರೂ ಅಲ್ಲ, ಬ್ಯಾಂಕೂ ಅಲ್ಲ, ಮಗಳ ಖಾತೆಯ ನಂಬರನ್ನು ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕೆ ಒತ್ತುವ ಹಿರಿಯರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ ಅಂತಾರಲ್ಲ, ಬ್ಯಾಂಕಿನ ವ್ಯವಹಾರದಲ್ಲಿ ನಂಬಿಕೆಯೂ ಹಾಗೇ. ಒಂದು ಅಕ್ಷರಕ್ಕೆ ಹೋದರೆ ಎಂಥ ವೇಗದ ಯಂತ್ರ ತಂದರೂ ವಾಪಸ್ ಬರೋದಿಲ್ಲ. ಏನಂತೀರಿ?